ಗುಜರಿಗೆ ಹೊರಟ ಬೆಳಕಿನ ಬೋರ್ಡು

ಮುಳ್ಳೇರಿಯದ ಪೇಟೆಯಲ್ಲಾಗಲಿ, ಕಾಸರಗೋಡಿನ ಬಸ್ಸು ನಿಲ್ದಾಣದ ಸುತ್ತಮುತ್ತಲಾಗಲಿ ಸಂಜೆಯ ಹೊತ್ತು ನಡೆದು ಹೋಗುವವರಿಗೆ ಅಂಗಡಿಗಳ ಹಣೆಯ ಮೇಲೆ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಹರಿದು ಹೋಗುವ ಬೋರ್ಡುಗಳು ಕಾಣಸಿಗುತ್ತವೆ. ಔಷಧಿಯಂಗಡಿ, ಬೇಕರಿ, ಮೊಬೈಲ್ ರಿಪೇರಿ ಅಂಗಡಿ, ಬ್ಯಾಂಕು - ಎಲ್ಲರಿಗೂ ಅದು ಬೇಕು. ಆದರೆ ಆ ಬೋರ್ಡುಗಳ ಆಯುಸ್ಸನ್ನು ನೋಡಿದರೆ ಮರುಕವಾಗುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಷರಗಳ ನಡುವೆ ಕಪ್ಪು ಗೆರೆಗಳು ಮೂಡುತ್ತವೆ. ಮತ್ತೆ ಅರ್ಧ ಭಾಗ ಮಾಯವಾಗುತ್ತದೆ. ಕೊನೆಗೊಂದು ದಿನ ಏನೂ ಕಾಣಿಸುವುದಿಲ್ಲ. ರಿಪೇರಿ ಮಾಡುವವರನ್ನು ಹುಡುಕುವುದಕ್ಕಿಂತ ಹೊಸತು ತರುವುದು ಸುಲಭವೆಂದು ಅಂಗಡಿಯವರು ಹಳೆಯದನ್ನು ಇಳಿಸಿ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದಿಂದ ಮುಂದಿನ ಪ್ರಯಾಣ ಗುಜರಿ ಅಂಗಡಿಗೆ.

ಹೀಗೆ ಗುಜರಿಗೆ ಹೊರಟ ಬೋರ್ಡಿನಲ್ಲಿ ಹೆಚ್ಚಾಗಿ ಕೆಟ್ಟಿರುವುದು ದೀಪಗಳಲ್ಲ ಎಂಬ ಮಾತನ್ನು ವಿದ್ಯಾರ್ಥಿಗಳು ಮೊದಲು ತಿಳಿಯಬೇಕು. ಬೋರ್ಡಿನಲ್ಲಿರುವ ಎಲ್.ಇ.ಡಿ. ಎಂಬ ಪುಟ್ಟ ದೀಪ ತಂತಿ ಕಾಯ್ದು ಉರಿಯುವ ಹಳೆಯ ಬಲ್ಬಿನಂತಲ್ಲ. ಅದು ಅರೆವಾಹಕದ ಒಂದು ಹರಳು. ಅದರ ಮೂಲಕ ಒಂದೇ ದಿಕ್ಕಿನಲ್ಲಿ ವಿದ್ಯುತ್ತು ಹರಿದಾಗ ಹರಳೇ ಬೆಳಕು ಸೂಸುತ್ತದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಇಂತಹ ಡಯೋಡನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬ ವಿಜ್ಞಾನಿ ಮಾಡಿ ತೋರಿಸಿದರು. ಕೆಂಪು ಮೊದಲು ಬಂದುದರಿಂದ ಅದು ಬೇಗನೆ ಅಗ್ಗವಾಯಿತು. ಅಂಗಡಿಯ ಬೋರ್ಡುಗಳಲ್ಲಿ ಇಂದಿಗೂ ಕೆಂಪೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಪ್ರಖರವಾದ ನೀಲಿ ಬೆಳಕಿಗಾಗಿ ಲೋಕವು ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಒಳ್ಳೆಯ ಎಲ್.ಇ.ಡಿ.ಯೊಂದು ಐವತ್ತು ಸಾವಿರ ಗಂಟೆ ಉರಿಯುತ್ತದೆ ಎಂದು ಲೆಕ್ಕ ಹಿಡಿಯುವುದುಂಟು. ದಿನಕ್ಕೆ ಹನ್ನೆರಡು ಗಂಟೆಯಂತೆ ಉರಿಸಿದರೂ ಹನ್ನೊಂದು ವರ್ಷ ದಾಟುತ್ತದೆ. ಮೂರೇ ವರ್ಷಕ್ಕೆ ಬೋರ್ಡು ಸತ್ತಿತೆಂದರೆ ಸತ್ತುದು ಬೇರೇನೋ.

ಬೋರ್ಡನ್ನು ಬಿಚ್ಚಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಮೊದಲನೆಯದು ದೀಪಗಳನ್ನು ಜೋಡಿಸಿದ ಫಲಕಗಳು. ಎರಡನೆಯದು ಮನೆಯ 230 ವೋಲ್ಟು ವಿದ್ಯುತ್ತನ್ನು 5 ವೋಲ್ಟಿಗೆ ಇಳಿಸಿ ಕೊಡುವ ತಗಡಿನ ಪೆಟ್ಟಿಗೆ, ಇದಕ್ಕೆ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಮೂರನೆಯದು ಬೆಂಕಿಪೆಟ್ಟಿಗೆಯಷ್ಟೋ ಅಂಗೈಯಷ್ಟೋ ದೊಡ್ಡದಾದ ನಿಯಂತ್ರಕ ಕಾರ್ಡು. ಯಾವ ದೀಪ ಯಾವಾಗ ಉರಿಯಬೇಕೆಂದು ಹೇಳುವ ಬುದ್ಧಿ ಇರುವುದು ಈ ಕಾರ್ಡಿನಲ್ಲಿ. ಅಂಗಡಿಯ ಬೋರ್ಡುಗಳಲ್ಲಿ ಬಹಳ ಕಡೆ ಬಳಸುವ ಫಲಕಕ್ಕೆ ಪಿ-10 ಎಂದು ಹೆಸರು. ಒಂದು ದೀಪದ ನಡುವಿನಿಂದ ಪಕ್ಕದ ದೀಪದ ನಡುವಿಗೆ 10 ಮಿಲ್ಲಿಮೀಟರು ಅಂತರವಿರುವುದರಿಂದ ಆ ಹೆಸರು. ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ದೀಪಗಳು. ಇಂತಹ ಫಲಕಗಳನ್ನು ಒಂದರ ಪಕ್ಕ ಒಂದರಂತೆ ಇಟ್ಟು ಬೇಕಾದಷ್ಟು ಉದ್ದದ ಬೋರ್ಡನ್ನು ಮಾಡುತ್ತಾರೆ.

ಈ 512 ದೀಪಗಳಿಗೆ 512 ತಂತಿಗಳನ್ನು ಎಳೆಯಲು ಹೋದರೆ ಬೋರ್ಡು ತಂತಿಯ ಕಟ್ಟಾದೀತು. ಆದರೆ ಹಿಂಬದಿಯಲ್ಲಿ ಕಾಣುವುದು 16 ಎಳೆಗಳ ಒಂದು ಚಪ್ಪಟೆ ಕೇಬಲು ಮಾತ್ರ. ಅದರಲ್ಲೂ ಸಂದೇಶ ಸಾಗಿಸುವ ಎಳೆಗಳು ಆರೇ. ಇದರ ಉಪಾಯ ಸ್ವಾರಸ್ಯಕರವಾಗಿದೆ. ಮನೆ ಕಟ್ಟುವಲ್ಲಿ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿರಬಹುದು. ಫಲಕದ ಬೆನ್ನಿನಲ್ಲಿ ಸಾಮಾನ್ಯವಾಗಿ 74ಎಚ್‌ಸಿ595 ಎಂಬ ಹೆಸರಿನ 16 ಚಿಪ್ಪುಗಳು ಹಾಗೆಯೇ ಸಾಲಾಗಿ ನಿಂತಿರುತ್ತವೆ. ಒಂದೊಂದು ಚಿಪ್ಪಿಗೆ ಎಂಟು ಕೈಗಳು. ಡೇಟಾ ಎಂಬ ಒಂದೇ ತಂತಿಯಲ್ಲಿ 'ಉರಿ', 'ಆರು' ಎಂಬ ಆಜ್ಞೆಗಳು ಒಂದರ ಹಿಂದೆ ಒಂದು ಬರುತ್ತವೆ. ಕ್ಲಾಕ್ ಎಂಬ ತಂತಿ ತಾಳ ಹಾಕಿದ ಹಾಗೆಲ್ಲ ಆಜ್ಞೆಗಳು ಒಂದೊಂದು ಹೆಜ್ಜೆ ಮುಂದಕ್ಕೆ ದಾಟುತ್ತವೆ. ಎಲ್ಲ 128 ಕೈಗಳೂ ತುಂಬಿದ ಮೇಲೆ ಲ್ಯಾಚ್ ಎಂಬ ತಂತಿ 'ಈಗ ತೋರಿಸಿ' ಎನ್ನುತ್ತದೆ.

128 ಕೈಗಳಿಂದ 512 ದೀಪಗಳು ಹೇಗೆ ಉರಿಯುತ್ತವೆ? ಒಮ್ಮೆಗೆ ಕಾಲು ಪಾಲು ದೀಪಗಳು ಮಾತ್ರ ಉರಿಯುತ್ತವೆ ಎಂಬುದೇ ಉತ್ತರ. ಮೊದಲು 1, 5, 9, 13ನೆಯ ಸಾಲುಗಳು. ಮರುಕ್ಷಣ ಅವು ಆರಿ 2, 6, 10, 14. ಹೀಗೆ ನಾಲ್ಕು ಸರದಿ. ಯಾವ ಸರದಿ ಎಂದು ತಿಳಿಸಲು ಎ, ಬಿ ಎಂಬ ಎರಡು ತಂತಿಗಳಿವೆ. ಎರಡು ತಂತಿಗಳಿಂದ ನಾಲ್ಕು ಸಂಖ್ಯೆ ಹೇಳಬಹುದೆಂಬುದು ದ್ವಿಮಾನ ಪದ್ಧತಿ ಕಲಿತವರಿಗೆ ಗೊತ್ತೇ ಇದೆ. ಆರನೆಯ ತಂತಿ ಇಡೀ ಫಲಕವನ್ನು ಆರಿಸಿ ಉರಿಸುವ ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಕತ್ತಲೆಯಲ್ಲಿ ಸೂಟೆಯನ್ನು ಬೀಸಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲವೇ? ಬಳೆ ಅಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಬೋರ್ಡಿನ ನಾಲ್ಕು ಸರದಿಗಳು ಸೆಕೆಂಡಿಗೆ ಐವತ್ತು ಅರುವತ್ತು ಸಲಕ್ಕಿಂತ ಹೆಚ್ಚಾಗಿ ತಿರುಗುವುದರಿಂದ ಎಲ್ಲ ದೀಪಗಳೂ ಒಟ್ಟಿಗೆ ಉರಿದಂತೆ ತೋರುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಕೆಲವೊಮ್ಮೆ ಬೋರ್ಡಿನ ಸಾಲುಗಳು ಅರ್ಧಂಬರ್ಧ ಕಾಣುವುದು ಇದರಿಂದಲೇ. ಕೆಮರಾ ಕಣ್ಣಿನಷ್ಟು ಮರುಳಾಗುವುದಿಲ್ಲ.

ಇಷ್ಟು ತಿಳಿದರೆ ಬೋರ್ಡಿನ ಕಾಯಿಲೆಯನ್ನು ಹೊರಗಿನಿಂದಲೇ ಊಹಿಸಬಹುದು. ಫಲಕದಲ್ಲಿ ನಾಲ್ಕಕ್ಕೊಂದರಂತೆ ಸಾಲುಗಳು ಕತ್ತಲೆಯಾಗಿದ್ದರೆ ಒಂದು ಸರದಿಗೆ ವಿದ್ಯುತ್ತು ಬಿಡುವ ಚಿಪ್ಪು ಕೆಟ್ಟಿದೆ. ಅಡ್ಡಕ್ಕೆ ಎಂಟು, ಉದ್ದಕ್ಕೆ ನಾಲ್ಕು ದೀಪಗಳ ಒಂದು ಚೌಕ ಮಾತ್ರ ಕಪ್ಪಾಗಿದ್ದರೆ ಆ ಚೌಕಕ್ಕೆ ಸೇರಿದ ಒಂದು 595 ಚಿಪ್ಪಿನ ದೋಷ. ಒಂದು ಜಾಗದವರೆಗೆ ಅಕ್ಷರ ಸರಿಯಾಗಿದ್ದು ಅದರಾಚೆ ಗೊಜ್ಜಾಗಿದ್ದರೆ ಕೈಯಿಂದ ಕೈಗೆ ದಾಟುವ ಸರಪಳಿ ಆ ಜಾಗದಲ್ಲಿ ತುಂಡಾಗಿದೆ. ಇದಕ್ಕೆ ಹತ್ತರಲ್ಲಿ ಹಲವು ಸಲ ಚಪ್ಪಟೆ ಕೇಬಲಿನ ಕೊಂಡಿಯೇ ಕಾರಣ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಕೊಂಡಿಗಳಿಗೆ ಕಿಲುಬು ಹಿಡಿಯುವುದು ಆಶ್ಚರ್ಯವಲ್ಲ. ಬೋರ್ಡಿನ ಬೆಚ್ಚನೆಯ ಹೊಟ್ಟೆಯಲ್ಲಿ ಇರುವೆಗಳೂ ಹಲ್ಲಿಗಳೂ ಸಂಸಾರ ಹೂಡುವುದೂ ಉಂಟು. ಕೊಂಡಿಯನ್ನು ಕಳಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ ಮತ್ತೆ ಸಿಕ್ಕಿಸಿದ ಮಾತ್ರಕ್ಕೆ ಜೀವ ಬಂದ ಬೋರ್ಡುಗಳಿವೆ.

ಇಡೀ ಬೋರ್ಡು ಮಿಣಮಿಣ ಮಾಡುತ್ತಿದ್ದರೆ, ಅಥವಾ ಹೆಚ್ಚು ಅಕ್ಷರ ಬಂದಾಗ ಮಂಕಾಗುತ್ತಿದ್ದರೆ, ಸಂಶಯಪಡಬೇಕಾದುದು ತಗಡಿನ ಪೆಟ್ಟಿಗೆಯನ್ನು. ಮಲ್ಟಿಮೀಟರನ್ನು ಅದರ 5 ವೋಲ್ಟಿನ ತುದಿಗೆ ಹಿಡಿದರೆ ನಾಲ್ಕೋ ಮೂರೂವರೆಯೋ ತೋರಿಸುತ್ತದೆ. ಒಳಗಿನ ಕೆಪಾಸಿಟರುಗಳು ಉಬ್ಬಿ ಸತ್ವ ಕಳೆದುಕೊಂಡಿರುತ್ತವೆ.

ಇಲ್ಲಿ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಗಡಿನ ಪೆಟ್ಟಿಗೆಯನ್ನು ಮಕ್ಕಳು ಯಾವ ಕಾರಣಕ್ಕೂ ಬಿಚ್ಚಬಾರದು. 230 ವೋಲ್ಟಿನ ವಿದ್ಯುತ್ತು ಅದರೊಳಗೆ 300 ವೋಲ್ಟಿಗೂ ಮೇಲೆ ಏರಿ ಕೆಪಾಸಿಟರಿನಲ್ಲಿ ಕೂಡಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲಿಯೇ ಹೊಂಚು ಹಾಕಿರುತ್ತದೆ. ಪೆಟ್ಟಿಗೆ ಕೆಟ್ಟಿದ್ದರೆ ಅದನ್ನು ಬದಲಿಸಿ ಹೊಸತು ಹಾಕುವುದೇ ಲೇಸು, ಅದನ್ನೂ ಬಲ್ಲ ಹಿರಿಯರೇ ಮಾಡಬೇಕು. ಪೆಟ್ಟಿಗೆಯಿಂದ ಈಚೆಗಿನ 5 ವೋಲ್ಟಿನ ಲೋಕ ಮಾತ್ರ ಮಕ್ಕಳದು. ಅಲ್ಲಿ ಶಾಕು ಹೊಡೆಯುವ ಭಯವಿಲ್ಲ. ಆದರೆ ಬೆಂಕಿಯ ಭಯ ಇದೆ. ಒಂದು ಫಲಕದ ಎಲ್ಲ ದೀಪಗಳೂ ಉರಿದರೆ ಸುಮಾರು 4 ಆಂಪಿಯರ್ ವಿದ್ಯುತ್ತು ಬೇಕು. ಮೂರು ಫಲಕಗಳಿಗೆ 12 ಆಂಪಿಯರ್. ಇಷ್ಟನ್ನು ನೂಲಿನಂತಹ ತಂತಿಯಲ್ಲಿ ಹರಿಸಿದರೆ ತಂತಿ ಕಾಯುತ್ತದೆ. ಆದುದರಿಂದ ಪ್ರತಿ ಫಲಕಕ್ಕೂ ದಪ್ಪ ತಂತಿಯನ್ನು ಪೆಟ್ಟಿಗೆಯಿಂದ ನೇರವಾಗಿ ಎಳೆಯಬೇಕು. ಕಂಪ್ಯೂಟರಿನ ಯು.ಎಸ್.ಬಿ. ತೂತಿನಿಂದ ಫಲಕವನ್ನು ಉರಿಸಲು ಹೋಗಲೇಬಾರದು. ಸಾಧಾರಣವಾಗಿ ಅದರಿಂದ ಸಿಗುವುದು ಅರ್ಧ ಆಂಪಿಯರ್ ಮಾತ್ರ. ಅಕ್ಟೋಬರ್, ನವೆಂಬರಿನ ಸಂಜೆಯ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗು ಕಿತ್ತಿಡುವ ಅಭ್ಯಾಸ ಟಿ.ವಿ.ಗೆ ಇರುವಂತೆ ಬೋರ್ಡಿಗೂ ಇರಲಿ.

ಈಗ ಮೂರನೆಯ ಭಾಗಕ್ಕೆ ಬರೋಣ. ಫಲಕ ಚೆನ್ನಾಗಿದೆ, ಪೆಟ್ಟಿಗೆಯೂ 5 ವೋಲ್ಟು ಕೊಡುತ್ತಿದೆ, ಆದರೂ ಬೋರ್ಡು ಮಾತನಾಡುವುದಿಲ್ಲವೆಂದರೆ ನಿಯಂತ್ರಕ ಕಾರ್ಡಿನ ಗತಿ ಮುಗಿದಿದೆ ಎಂದು ತಿಳಿಯಬೇಕು. ಕೆಲವು ಸಲ ಕಾರ್ಡು ಬದುಕಿದ್ದೂ ಪ್ರಯೋಜನವಿಲ್ಲ. ಅದಕ್ಕೆ ಹೊಸ ಸಂದೇಶ ತುಂಬಲು ಬೇಕಾದ ಸಿ.ಡಿ. ಕಳೆದುಹೋಗಿರುತ್ತದೆ, ಇಲ್ಲವೇ ಆ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಮೂರು ವರ್ಷದ ಹಿಂದಿನ ಓಣಂ ರಿಯಾಯತಿಯನ್ನು ಇಂದಿಗೂ ಸಾರುವ ಬೋರ್ಡನ್ನು ಕಂಡು ನಕ್ಕವರು ಅದರ ಹಿಂದಿನ ಈ ಕಷ್ಟವನ್ನು ಅರಿತಿರಲಾರರು.

ಈ ಕಾರ್ಡಿನ ಜಾಗದಲ್ಲಿ ನಾವೇ ಒಂದು ಮೈಕ್ರೋಕಂಟ್ರೋಲರನ್ನು ಇಡಬಹುದು. ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನೊಳಗೆ ಅಡಗಿದ ಪುಟ್ಟ ಗಣಕ. ಲೆಕ್ಕ ಮಾಡುವ ಭಾಗ, ನೆನಪು, ಹೊರಗಿನ ತಂತಿಗಳಿಗೆ ಆಜ್ಞೆ ಕೊಡುವ ಕಾಲುಗಳು ಎಲ್ಲವೂ ಅದರಲ್ಲಿವೆ. ಇಟಲಿಯ ಇವ್ರೇಯ ಎಂಬ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಎಂಬ ಫಲಕವು ಈ ವಿದ್ಯೆಯನ್ನು ಶಾಲೆಗಳವರೆಗೆ ತಂದಿತು. ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಲಿಟಲ್ ಕೈಟ್ಸ್ ಘಟಕಗಳು ಆರಂಭವಾದವು. 2022ರ ಡಿಸೆಂಬರಿನಿಂದ ಶಾಲೆಗಳಿಗೆ ಹಂಚಿದ ರೊಬೋಟಿಕ್ ಕಿಟ್ಟುಗಳಲ್ಲಿ ಇದೇ ಆರ್ಡುಯಿನೊ ಊನೊ ಇದೆ. ಆದುದರಿಂದ ಇದು ದೂರದ ಊರಿನ ವಸ್ತುವಲ್ಲ, ನಿಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿರುವಂತಹದು. ಫಲಕ, ಚಿಪ್ಪು, ಕೇಬಲುಗಳು ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಗುತ್ತವೆ. ಅಂಚೆಯಲ್ಲಿ ತರಿಸುವುದೂ ಈಗ ಕಷ್ಟವಲ್ಲ.

ಜೋಡಿಸುವ ಕ್ರಮ ಹೆಚ್ಚೇನೂ ಕಠಿಣವಲ್ಲ. ಫಲಕದ ಆರು ತಂತಿಗಳನ್ನು ಊನೊದ ಆರು ಕಾಲುಗಳಿಗೆ ಕೊಡಬೇಕು. ಪ್ರಚಾರದಲ್ಲಿರುವ ಸಿದ್ಧ ಪ್ರೋಗ್ರಾಮೊಂದರಲ್ಲಿ ಎ ತಂತಿಗೆ 6, ಬಿ ತಂತಿಗೆ 7, ಲ್ಯಾಚಿಗೆ 8, ಆರಿಸಿ ಉರಿಸುವ ತಂತಿಗೆ 9, ಡೇಟಾಕ್ಕೆ 11, ಕ್ಲಾಕಿಗೆ 13 ಎಂದು ಗೊತ್ತುಮಾಡಿದ್ದಾರೆ. ಊನೊದ ಗ್ರೌಂಡನ್ನೂ ಫಲಕದ ಗ್ರೌಂಡನ್ನೂ ಒಂದಕ್ಕೊಂದು ಸೇರಿಸಲೇಬೇಕು. ಇಲ್ಲದಿದ್ದರೆ ಒಬ್ಬರು ನೆಲದಲ್ಲಿ ನಿಂತು, ಇನ್ನೊಬ್ಬರು ದೋಣಿಯಲ್ಲಿ ನಿಂತು ಎತ್ತರ ಅಳೆದುಕೊಂಡಂತೆ ಆದೀತು. ವೈಫೈ ಇರುವ ಇ.ಎಸ್.ಪಿ.-32 ಎಂಬ ಚಿಪ್ಪನ್ನು ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಅದರ ಮಾತು 3.3 ವೋಲ್ಟಿನದು, ಫಲಕದ ಕಿವಿ 5 ವೋಲ್ಟಿನದು. ಎಷ್ಟೋ ಸಲ ಹಾಗೆಯೇ ಕೇಳಿಸುತ್ತದೆ, ಆದರೆ ನಂಬುವಂತಿಲ್ಲ. ನಡುವೆ 74ಎಚ್‌ಸಿಟಿ245 ಎಂಬ ಚಿಪ್ಪನ್ನು ದುಭಾಷಿಯಂತೆ ಇಟ್ಟರೆ ತೊಂದರೆ ತೀರಿತು.

ಪ್ರೋಗ್ರಾಮು ತುಂಬಿ ವಿದ್ಯುತ್ತು ಕೊಟ್ಟರೆ ಬೋರ್ಡು ಬೆಳಗುತ್ತದೆ, ಇಂಗ್ಲಿಷಿನಲ್ಲಿ ಏನಾದರೂ ಬರೆದು ತೋರಿಸುತ್ತದೆ. ಹೆಚ್ಚಿನವರು ಇಷ್ಟಕ್ಕೇ ತೃಪ್ತರಾಗುತ್ತಾರೆ. ನಮ್ಮಂತಹ ಕನ್ನಡ ಮಾಧ್ಯಮದ ಶಾಲೆಯವರಿಗೆ ಕೆಲಸ ಆರಂಭವಾಗುವುದೇ ಇಲ್ಲಿಂದ.

ಅಡೂರಿನ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಅದಕ್ಕೆ ಐದು ಅಕ್ಷರ. ಒಂದೊಂದು ಅಕ್ಷರ ಅಗಲಕ್ಕೆ ಐದು ಚುಕ್ಕಿ, ಎತ್ತರಕ್ಕೆ ಏಳು ಚುಕ್ಕಿಯೊಳಗೆ ಮುಗಿಯುತ್ತದೆ. ನಡುವಿನ ತೆರಪೂ ಸೇರಿ 30 ಚುಕ್ಕಿಯ ಅಗಲ ಸಾಕು. 32ರ ಒಂದೇ ಫಲಕದಲ್ಲಿ ಊರಿನ ಹೆಸರು ಕುಳಿತುಕೊಳ್ಳುತ್ತದೆ. ಕನ್ನಡದಲ್ಲಿ 'ಅ' ಅಗಲವಾದ ಅಕ್ಷರ, 'ಡೂ' ತನ್ನ ದೀರ್ಘದ ಕೊಂಬನ್ನು ಬಲಕ್ಕೆ ಚಾಚುತ್ತದೆ, 'ರು'ವಿಗೂ ಕೊಂಬಿದೆ. ಹಾಗಾಗಿ ಎರಡು ಫಲಕ ಬೇಕಾಗುತ್ತದೆ. ಬೋರ್ಡು ಮಾಡುವವರು ಇಂಗ್ಲಿಷಿಗೆ ಒಲಿಯುವುದರಲ್ಲಿ ಒಂದು ಫಲಕದ ಬೆಲೆಯ ಲೆಕ್ಕಾಚಾರವೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಉಳಿತಾಯಕ್ಕೆ ತೆರುವ ಬೆಲೆಯನ್ನೂ ನೋಡಿ. ಇಂಗ್ಲಿಷಿನಲ್ಲಿ ಬರೆದ ಅಡೂರು ಪತ್ತನಂತಿಟ್ಟ ಜಿಲ್ಲೆಯ ಅಡೂರ್ ಪಟ್ಟಣವೂ ಆದೀತು, ನಮ್ಮ ಸಮೀಪದ ಆದೂರಿಗೂ ಅದಕ್ಕೂ ಪರಸ್ಥಳದವರಿಗೆ ಗಲಿಬಿಲಿಯಾದೀತು. ಕನ್ನಡದಲ್ಲಿ 'ಅಡೂರು', 'ಆದೂರು' ಎಂದು ಬರೆದರೆ ಎರಡನೆಯ ತರಗತಿಯ ಮಗುವಿಗೂ ಸಂಶಯ ಬಾರದು.

ಅಗಲಕ್ಕಿಂತ ಎತ್ತರದ ತೊಡಕು ದೊಡ್ಡದು. 'ಅಡೂರು', 'ಕಾಸರಗೋಡು', 'ದೇಲಂಪಾಡಿ' - ಇವುಗಳಲ್ಲಿ ಒತ್ತಕ್ಷರವಿಲ್ಲ. ಆದರೆ ನಮ್ಮ ಬಸ್ಸುಗಳು ಹೋಗುವ ಇತರ ಊರುಗಳ ಹೆಸರನ್ನು ಬರೆದು ನೋಡಿ: ಮುಳ್ಳೇರಿಯ, ಬದಿಯಡ್ಕ, ಸುಳ್ಯ, ಜಾಲ್ಸೂರು, ಪುತ್ತೂರು, ಕೊಟ್ಯಾಡಿ. ಒಂದೊಂದರಲ್ಲೂ ಅಕ್ಷರದ ಕಾಲ ಬುಡದಲ್ಲಿ ಇನ್ನೊಂದು ಅಕ್ಷರ. ಏಳು ಚುಕ್ಕಿಯ ಎತ್ತರದಲ್ಲಿ ಇದು ಸಾಧ್ಯವೇ ಇಲ್ಲ. ಹದಿನಾರು ಚುಕ್ಕಿಯ ಎತ್ತರದಲ್ಲಿ ಸಾಧ್ಯ, ಆದರೆ ಜಿಪುಣರಂತೆ ಖರ್ಚು ಮಾಡಬೇಕು: ತಲೆಕಟ್ಟಿಗೂ ಗುಡಿಸಿಗೂ ಮೂರು ಸಾಲು, ಅಕ್ಷರದ ಒಡಲಿಗೆ ಎಂಟು, ತೆರಪಿಗೆ ಒಂದು, ಒತ್ತಕ್ಷರಕ್ಕೆ ನಾಲ್ಕು. 'ಅಡೂರು' ಎಂಬಲ್ಲಿ ಒತ್ತಕ್ಷರವಿಲ್ಲವಲ್ಲ, ಅದನ್ನು ದೊಡ್ಡದಾಗಿ ಬರೆಯೋಣವೆಂದರೆ ಪಕ್ಕದಲ್ಲಿ 'ಸುಳ್ಯ' ಬಂದಾಗ ಒಂದು ಆನೆ, ಒಂದು ಆಡು ಜೊತೆಗೆ ನಡೆದಂತೆ ಕಾಣುತ್ತದೆ. ಎಲ್ಲ ಹೆಸರುಗಳೂ ಒಂದೇ ನೆಲದ ಮೇಲೆ ನಿಲ್ಲಬೇಕಾದರೆ ಕೆಳಗಿನ ನಾಲ್ಕು ಸಾಲುಗಳನ್ನು ಖಾಲಿ ಇದ್ದರೂ ಕಾದಿರಿಸಲೇಬೇಕು.

ಇನ್ನೊಂದು ತೊಡಕು ಅಕ್ಷರಗಳ ಕ್ರಮದ್ದು. ಕಂಪ್ಯೂಟರುಗಳು ಇಂದು ಕನ್ನಡವನ್ನು ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಇಟ್ಟುಕೊಳ್ಳುತ್ತವೆ. ಅಲ್ಲಿ 'ಚೆರ್ಕಳ' ಎಂಬ ಹೆಸರಿನಲ್ಲಿ ರೇಫ ಮೊದಲು, ಕಕಾರ ಆಮೇಲೆ, ನಾವು ಉಚ್ಚರಿಸುವ ಹಾಗೆಯೇ. ಬರೆಯುವಾಗಲೋ 'ಕ' ಮೊದಲು ಬಂದು ಅರ್ಕಾವೊತ್ತು ಅದರ ಬಲಕ್ಕೆ ಕೂರುತ್ತದೆ. ದೊಡ್ಡ ಕಂಪ್ಯೂಟರಿಗೂ ಮೊಬೈಲಿಗೂ ಈ ಅದಲುಬದಲು ಗೊತ್ತು. ಉಚ್ಚಾರಣೆಯ ಕ್ರಮದಲ್ಲೇ ಕನ್ನಡವನ್ನು ಕೀಲಿಸುವ ಪದ್ಧತಿಗೆ ರೂಪು ಕೊಟ್ಟ ಕೆ. ಪಿ. ರಾವ್ ಅವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರೆಂಬುದು ನಮ್ಮ ಕರಾವಳಿಗೆ ಹೆಮ್ಮೆಯ ವಿಷಯ. ಆದರೆ ಬೋರ್ಡಿನೊಳಗಿನ ಬಡ ಚಿಪ್ಪಿಗೆ ಇದೊಂದೂ ತಿಳಿಯದು. ಅದು ಕೊಟ್ಟ ಸಂಕೇತಗಳನ್ನು ಸಾಲಾಗಿ ಇಡುತ್ತಾ ಹೋಗುತ್ತದೆ. 'ಸುಳ್ಯ'ವನ್ನು 'ಸುಳ್‌ಯ' ಮಾಡುತ್ತದೆ.

ಇದಕ್ಕೆ ನೇರವಾದ ಪರಿಹಾರವಿದೆ. ಚಿಪ್ಪಿಗೆ ಕನ್ನಡ ಕಲಿಸುವ ಬದಲು ಇಡೀ ಶಬ್ದವನ್ನೇ ಒಂದು ಚಿತ್ರವೆಂದು ತಿಳಿದು ನಾವೇ ಬರೆದು ಕೊಡುವುದು. ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಹೊಸ ವಿದ್ಯೆಯಲ್ಲ. ಲೆಕ್ಕದ ಚೌಕುಳಿ ಹಾಳೆಯಲ್ಲಿ 16 ಸಾಲುಗಳನ್ನು ಗುರುತುಮಾಡಿ, ಉರಿಯಬೇಕಾದ ಚೌಕಗಳಿಗೆ ಪೆನ್ಸಿಲಿನಿಂದ ಕಪ್ಪು ತುಂಬಬೇಕು. ಸುಲಭವಾದ ಸೊನ್ನೆಯಿಂದ ಆರಂಭಿಸೋಣ. ಎಂಟು ಚೌಕ ಅಗಲ, ಎಂಟು ಚೌಕ ಎತ್ತರ:

○○●●●●○○  60
○●○○○○●○  66
●○○○○○○●  129
●○○○○○○●  129
●○○○○○○●  129
●○○○○○○●  129
○●○○○○●○  66
○○●●●●○○  60

ಬಲಗಡೆಯ ಸಂಖ್ಯೆಗಳು ಎಲ್ಲಿಂದ ಬಂದವು? ಪ್ರತಿ ಸಾಲಿನ ಎಂಟು ಚೌಕಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ಕಪ್ಪು ತುಂಬಿದ ಚೌಕಗಳ ಬೆಲೆಗಳನ್ನು ಕೂಡಿಸಬೇಕು. ಮೊದಲ ಸಾಲಿನಲ್ಲಿ 32, 16, 8, 4 ಕೂಡಿ 60. ಎರಡನೆಯದರಲ್ಲಿ 64, 2 ಕೂಡಿ 66. ಹೀಗೆ ಎಂಟು ಸಂಖ್ಯೆಗಳಲ್ಲಿ ಸೊನ್ನೆಯ ಚಿತ್ರ ಅಡಕವಾಯಿತು. ಒಂದೊಂದು ಸಂಖ್ಯೆ ಚಿಪ್ಪಿನ ನೆನಪಿನಲ್ಲಿ ಒಂದು ಬೈಟ್ ಜಾಗ ಹಿಡಿಯುತ್ತದೆ. ಎರಡು ಫಲಕಗಳ ಅಗಲ ತುಂಬುವ ಒಂದು ಹೆಸರಿಗೆ 64 ಗುಣಿಸು 16, ಅಂದರೆ 1,024 ಚುಕ್ಕಿಗಳು. ಎಂಟರಿಂದ ಭಾಗಿಸಿದರೆ 128 ಬೈಟ್. ಊನೊದ ನೆನಪು ಸುಮಾರು 32 ಸಾವಿರ ಬೈಟ್. ಪ್ರೋಗ್ರಾಮಿಗೆಂದು ಹನ್ನೆರಡು ಸಾವಿರ ಬಿಟ್ಟರೂ ನೂರೈವತ್ತು ಹೆಸರುಗಳಿಗೆ ಎಡೆ ಇದೆ. ಒಂದು ಶಾಲೆಯ ಬೋರ್ಡಿಗೆ ಧಾರಾಳ.

ಸೊನ್ನೆಯ ನೆತ್ತಿಯ ಮೇಲೆ ತಲೆಕಟ್ಟನ್ನು ಕೂರಿಸಿದರೆ ಹೆಚ್ಚುಕಡಿಮೆ 'ರ' ಆಗುತ್ತದೆ. 'ರ'ದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ 'ಠ'. ಇಲ್ಲಿ ಒಂದು ತಮಾಷೆಯೂ ಒಂದು ಎಚ್ಚರಿಕೆಯೂ ಇದೆ. ಆ ಒಂದು ಚುಕ್ಕಿಯ ದೀಪ ಸತ್ತಿತೆನ್ನಿ: 'ಮಠ' ಇದ್ದುದು 'ಮರ'ವಾಗುತ್ತದೆ! 'ಧ'ದ ಕೆಳಗಿನ ಸೀಳು ಉರಿಯದಿದ್ದರೆ 'ಧನ ಸಹಾಯ'ವು 'ದನ ಸಹಾಯ'ವಾದೀತು. ಇಂಗ್ಲಿಷಿನಲ್ಲಿ ಒಂದು ದೀಪ ಕೆಟ್ಟರೆ ಅಕ್ಷರ ವಿಕಾರವಾಗಿ ಕಂಡರೂ ಹೆಚ್ಚಾಗಿ ಓದಲು ಬರುತ್ತದೆ. ಕನ್ನಡದಲ್ಲಿ ಒಂದು ದೀಪದ ಮೇಲೆ ಅರ್ಥವೇ ನಿಂತಿರುವ ಜಾಗಗಳಿವೆ. ಆದುದರಿಂದ ಹಳೆಯ ಫಲಕದಲ್ಲಿ ಕೆಟ್ಟ ದೀಪಗಳಿದ್ದರೆ ಅವನ್ನು ಬದಲಿಸಿಯೇ ಮುಂದುವರಿಯಬೇಕು. ಮಲ್ಟಿಮೀಟರಿನ ಡಯೋಡು ಪರೀಕ್ಷೆಯ ಜಾಗದಲ್ಲಿಟ್ಟು ಮುಟ್ಟಿಸಿದರೆ ಒಳ್ಳೆಯ ಕೆಂಪು ದೀಪ ಮಂದವಾಗಿ ಮಿನುಗುತ್ತದೆ. ಹೊಸ ದೀಪವನ್ನು ಬೆಸೆಯುವಾಗ ಉದ್ದ ಕಾಲು, ಗಿಡ್ಡ ಕಾಲುಗಳು ತಿರುಗುಮುರುಗಾಗದಂತೆ ನೋಡಿಕೊಳ್ಳಬೇಕು. ತೀರಾ ಕೆಟ್ಟ ಫಲಕವೊಂದನ್ನು ದೀಪದ ಗಣಿಯಾಗಿ ಇಟ್ಟುಕೊಂಡರೆ ಹೊಸತು ಕೊಳ್ಳುವ ಗೋಜಿಲ್ಲ.

ದಿನದಿನವೂ ಬದಲಾಗುವ ಸುದ್ದಿಯನ್ನು ಹಾಕಬೇಕೆಂದರೆ ಹಾಳೆಯಲ್ಲಿ ಚೌಕ ತುಂಬುತ್ತಾ ಕೂತರಾಗದು. ಆಗ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಕೀಲಿಸಿ, ಅದೇ ಅದನ್ನು 16 ಸಾಲಿನ ಚುಕ್ಕಿ ಚಿತ್ರವಾಗಿಸಿ, ವೈಫೈ ಮೂಲಕ ಇ.ಎಸ್.ಪಿ.-32ಕ್ಕೆ ಕಳುಹಿಸುವಂತೆ ಮಾಡಬಹುದು. ಒತ್ತಕ್ಷರ ಕೂಡಿಸುವ ಜಾಣತನ ಕಂಪ್ಯೂಟರಿನದು, ದೀಪ ಉರಿಸುವ ಚಾಕರಿ ಚಿಪ್ಪಿನದು. ಆದರೆ ನಮ್ಮ ಅಭಿಪ್ರಾಯವೇನೆಂದರೆ, ಪುಸ್ತಕದ ಮುದ್ರಣಕ್ಕೆಂದು ಮಾಡಿದ ಅಕ್ಷರಗಳನ್ನು ಕಂಪ್ಯೂಟರು 16 ಸಾಲಿಗೆ ಕುಗ್ಗಿಸಿದಾಗ ಅವು ಒಣಗಿದ ಪುನರ್ಪುಳಿಯಂತೆ ಮುದುಡುತ್ತವೆ. ಹತ್ತು ಹೆಜ್ಜೆ ದೂರದಿಂದ ಓದಲು ಕೈಯಿಂದ ತಿದ್ದಿ ಬರೆದ ಅಕ್ಷರವೇ ಮೇಲು. ಮೊದಲು ಕಂಪ್ಯೂಟರಿನಿಂದ ಚಿತ್ರ ತೆಗೆದು ಆಮೇಲೆ ಚುಕ್ಕಿಚುಕ್ಕಿಯಾಗಿ ತಿದ್ದುವುದು ಮಧ್ಯದ ಹಾದಿ.

ಇಂತಹ ಬೋರ್ಡಿನಿಂದ ಶಾಲೆಗೆ ಏನು ಉಪಯೋಗವೆಂದು ಹೆತ್ತವರು ಕೇಳಬಹುದು. ಕಲೋತ್ಸವದ ದಿನ ವೇದಿಕೆಯ ಮುಂದಿನ ಸ್ಪರ್ಧೆಯ ಹೆಸರು, ರಾತ್ರಿ ಯಕ್ಷಗಾನವಿದ್ದರೆ ಪ್ರಸಂಗದ ಹೆಸರು, ಪರೀಕ್ಷೆಯ ವೇಳಾಪಟ್ಟಿ, ಮಳೆಗಾಲದಲ್ಲಿ ಶಾಲೆಯ ಮಳೆಮಾಪಕ ತೋರಿಸಿದ ಆ ದಿನದ ಅಳತೆ - ಇವೆಲ್ಲವನ್ನೂ ಗೇಟಿನ ಬಳಿ ತೋರಿಸಬಹುದು. ಪಯಸ್ವಿನಿ ತುಂಬಿ ಹರಿಯುವ ದಿನಗಳಲ್ಲಿ ರಜೆಯ ಸುದ್ದಿಯನ್ನು ಮನೆಮಾತಿನಲ್ಲಿ, ದೂರದಿಂದಲೇ ಅಜ್ಜಿಯೂ ಓದುವಂತೆ ಹಾಕುವುದು ಸಣ್ಣ ಉಪಕಾರವಲ್ಲ. ವಿದ್ಯುತ್ತಿನ ಖರ್ಚೂ ಕಡಿಮೆ. ಅಕ್ಷರಗಳಿಗೆ ಫಲಕದ ಕಾಲು ಪಾಲು ದೀಪ ಉರಿಯುತ್ತದೆಂದು ಹಿಡಿದರೆ ಮೂರು ಫಲಕಗಳ ಬೋರ್ಡು ಸುಮಾರು 15 ವಾಟು ಎಳೆಯುತ್ತದೆ. ಹತ್ತು ಗಂಟೆಗೆ ಒಂದು ಯೂನಿಟ್ಟಿನ ಏಳನೆಯ ಒಂದು ಪಾಲು.

ಏಳು ಸಾಲಿನ ಹಳೆಯ ಸಣ್ಣ ಬೋರ್ಡು ಸಿಕ್ಕಿದರೂ ಬಿಡಬೇಡಿ. ಅದರಲ್ಲಿ ಒತ್ತಕ್ಷರ ಆಗದು, ಅಂಕಿಗಳು ಆಗುತ್ತವೆ. ಕ್ರೀಡಾಕೂಟದಲ್ಲಿ ಕಬಡ್ಡಿಯ ಅಂಕ, ಗಡಿಯಾರದ ಸಮಯ, ಹೊರಗಿನ ಸೆಖೆಯ ಅಳತೆಗೆ ಅದು ಸಾಕು. ಕನ್ನಡ ಅಂಕಿಗಳನ್ನೇ ಬಳಸುವುದಾದರೆ '೦' ಮತ್ತು '೧'ರ ನಡುವೆ ಕೆಳಗಿನ ಬಾಯಿ ತೆರೆದಿರುವುದಷ್ಟೇ ವ್ಯತ್ಯಾಸವೆಂದು ನೆನಪಿಟ್ಟು, ಆ ತೆರಪನ್ನು ಎರಡು ಚುಕ್ಕಿಗಿಂತ ಕಡಿಮೆ ಮಾಡಬಾರದು. ಇಲ್ಲದಿದ್ದರೆ ಗೆದ್ದ ತಂಡ ಸೋತಂತೆ ಕಂಡೀತು. ಇಷ್ಟಾದ ಮೇಲೂ ಉಳಿಯುವ ಸುಟ್ಟ ಚಿಪ್ಪು, ಒಡೆದ ಫಲಕಗಳನ್ನು ಗುಡ್ಡೆಯ ಬದಿಗೆ ಎಸೆಯಲೂ ಬಾರದು, ಸುಡಲೂ ಬಾರದು. ಬೆಸುಗೆಯಲ್ಲಿ ಸೀಸವಿರಬಹುದು, ಇಲೆಕ್ಟ್ರಾನಿಕ್ ಕಸಕ್ಕೆ ದೇಶದಲ್ಲಿ ಪ್ರತ್ಯೇಕ ನಿಯಮವೇ ಇದ್ದು, 2022ರಲ್ಲಿ ಪ್ರಕಟವಾದ ಹೊಸ ನಿಯಮಗಳು 2023ರ ಎಪ್ರಿಲಿನಿಂದ ಜಾರಿಯಲ್ಲಿವೆ.

ರಜೆಯಲ್ಲಿ ಕೈಗೆ ಬೋರ್ಡು ಸಿಗದವರು ಚೌಕುಳಿ ಹಾಳೆಯ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಮೊದಲು 'ಅಡೂರು' ಬರೆಯಿರಿ, ಅದು ಸುಲಭ. ಆಮೇಲೆ 'ಸುಳ್ಯ'. ಕೊನೆಗೆ 'ಮುಳ್ಳೇರಿಯ'ದ 'ಳ್ಳೇ'ಯನ್ನು ಹಿಡಿಯಿರಿ: ನಡುವೆ ಳಕಾರ, ನೆತ್ತಿಯಲ್ಲಿ ಏತ್ವ, ಕಾಲ ಬುಡದಲ್ಲಿ ಇನ್ನೊಂದು ಳಕಾರ, ಬಲಕ್ಕೆ ದೀರ್ಘ. ಹದಿನಾರು ಸಾಲಿನೊಳಗೆ ಅದನ್ನು ಓದುವಂತೆ ಕೂರಿಸಿದ ಹಾಳೆಗಳನ್ನು ವಿಜ್ಞಾನದ ಅಧ್ಯಾಪಕರಿಗೆ ತಂದುಕೊಟ್ಟರೆ, ಬೋರ್ಡು ದುರಸ್ತಿಯಾದ ದಿನ ತುಂಬಿಸುವುದಕ್ಕೆ ಅಕ್ಷರಗಳು ಸಿದ್ಧವಾಗಿರುತ್ತವೆ.